ಹೆಪ್ಪಿನ ಮಾತ್ರೆ

ಅಮ್ಮ ಮೂರು ದಿನದಿಂದ ಮಾತ್ರೆ ನುಂಗಿಲ್ಲ ಎಂಬುದು ಸ್ಟ್ರಿಪ್ ಎಣಿಸಿದಾಗ ಗೊತ್ತಾಯಿತು. ಹದಿನೈದು ದಿನಕ್ಕೊಮ್ಮೆ ಊರಿಗೆ ಹೋದಾಗಲೆಲ್ಲ ಅವಳ ಔಷಧಿ ಡಬ್ಬಿ ತೆಗೆದು ಲೆಕ್ಕ ನೋಡುವುದು ನನ್ನ ಅಭ್ಯಾಸ. ಅವಳಿಗೆ ಅದು ಸೇರುವುದಿಲ್ಲ, ನನಗೆ ಬೇರೆ ದಾರಿಯಿಲ್ಲ. ಈ ಸಲ ಮೂರು ಹೆಚ್ಚಿಗೆ ಉಳಿದಿದ್ದವು. ಕೇಳಿದೆ. ಕಿವಿಗೆ ಬೀಳದವಳಂತೆ ಅವರೆಕಾಯಿ ಬಿಡಿಸುತ್ತಲೇ ಇದ್ದಳು. ಆಮೇಲೆ ತಲೆಯೆತ್ತದೆ, "ಇಷ್ಟು ವರ್ಷ ನನಗೆ ಇಲಿ ಪಾಷಾಣ ತಿನ್ನಿಸಿದ್ದೀರಂತಲ್ಲ" ಎಂದಳು.

ಅಕ್ಕನ ಮಗ ಪಿಯುಸಿ ಓದುವ ಹುಡುಗ. ರಜೆಗೆಂದು ಬಂದವನು ಅಜ್ಜಿಯ ಮಾತ್ರೆಯ ಹೆಸರನ್ನು ಮೊಬೈಲಿನಲ್ಲಿ ಹುಡುಕಿದ್ದಾನೆ. ಸಿಕ್ಕಿದ್ದನ್ನು ಊಟದ ಹೊತ್ತಿನಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದಿದ್ದಾನೆ. ಹುಡುಗ ಸುಳ್ಳು ಹೇಳಿರಲಿಲ್ಲ. ಅದೇ ತೊಂದರೆ.

ಅಮ್ಮನಿಗೆ ಚಿಕ್ಕಂದಿನಲ್ಲಿ ಕೀಲು ಜ್ವರ ಬಂದಿತ್ತು. ಕೀಲು ನೋವು ಆಗಲೇ ಹೋಯಿತು, ಹೃದಯದ ಕವಾಟಕ್ಕೆ ತಗುಲಿದ್ದು ಉಳಿಯಿತು. ಹನ್ನೊಂದು ವರ್ಷದ ಹಿಂದೆ ಆ ಕವಾಟ ತೆಗೆದು ಲೋಹದ್ದನ್ನು ಕೂರಿಸಿದರು. ರಾತ್ರಿ ಎಲ್ಲರೂ ಮಲಗಿ ಮನೆ ಸದ್ದಡಗಿದ ಮೇಲೆ ಹತ್ತಿರ ಹೋದರೆ ಗಡಿಯಾರದ ಹಾಗೆ ಟಿಕ್ ಟಿಕ್ ಎನ್ನುವುದು ಕೇಳಿಸುತ್ತದೆ. ಪರಕೀಯ ವಸ್ತು ಸೋಕಿದಲ್ಲಿ ಗಟ್ಟಿಯಾಗುವುದು ರಕ್ತದ ಗುಣ. ಕವಾಟದ ಮೇಲೆ ಹಾಗೆ ಆಗಬಾರದೆಂದು ದಿನಕ್ಕೊಂದು ವಾರ್ಫರಿನ್. ಮೂರು ದಿನ ಬಿಡುವುದು ಸಣ್ಣ ಮಾತಲ್ಲ. ಆ ಸಂಜೆಯೇ ಡಾಕ್ಟರಿಗೆ ಫೋನು ಮಾಡಿ, ಮರುದಿನ ಬೆಳಿಗ್ಗೆ ರಕ್ತ ಪರೀಕ್ಷೆ ಮಾಡಿಸಿದೆವು. ರಕ್ತ ಗಟ್ಟಿಯಾಗಲು ಹಿಡಿಯುವ ಹೊತ್ತನ್ನು ಅಳೆಯುವ, ಎರಡೂವರೆಯಿಂದ ಮೂರೂವರೆಯ ನಡುವೆ ಇರಬೇಕಾದ ಐಎನ್‌ಆರ್ 1.6ಕ್ಕೆ ಇಳಿದಿತ್ತು. ಅನಾಹುತವೇನೂ ಆಗಲಿಲ್ಲ. ಆದರೆ ಅಮ್ಮನನ್ನು ಒಪ್ಪಿಸುವ ಕೆಲಸ ಉಳಿದಿತ್ತು, ಮತ್ತು ಅವಳು ಗದರಿಕೆಗೆ ಬಗ್ಗುವ ಹೆಂಗಸಲ್ಲ. ಹೀಗಾಗಿ ಅದೇ ಅವರೆಕಾಯಿ ಮೊರದ ಎದುರು ಕುಳಿತು ಆ ಹೆಸರನ್ನು ನಾನೂ ಬಿಡಿಸತೊಡಗಿದೆ.

ಮೊದಲು ಪಾಷಾಣ. ಸಂಸ್ಕೃತದಲ್ಲಿ ಅದಕ್ಕೆ ಕಲ್ಲು ಎಂದರ್ಥ. ಕಲ್ಲಿನಿಂದ, ಖನಿಜದಿಂದ ಬರುವ ವಿಷಗಳಿಗೆ ಆ ಮಾತು ಅಂಟಿಕೊಂಡು, ಬರಬರುತ್ತಾ ಕಲ್ಲು ಮರೆತುಹೋಗಿ ವಿಷವಷ್ಟೇ ಉಳಿಯಿತು. ಆ ಲೆಕ್ಕದಲ್ಲಿ ಅಮ್ಮನ ಮಾತ್ರೆಗೆ ಪಾಷಾಣದ ನಂಟಿಲ್ಲ. ಅದು ಕಲ್ಲಿನಿಂದ ಬಂದದ್ದಲ್ಲ, ಹುಲ್ಲಿನಿಂದ ಬಂದದ್ದು.

ಹುಲ್ಲು ಎಂದ ಕೂಡಲೇ ಅಮ್ಮ ಸ್ವಲ್ಪ ತಿರುಗಿ ಕುಳಿತಳು. ಆಪರೇಷನ್ ಆಗುವವರೆಗೆ ಅವಳು ಹಸು ಕಟ್ಟಿದವಳು. ಚನ್ನರಾಯಪಟ್ಟಣದ ಕಡೆ ಹಳ್ಳಿಗಳಲ್ಲಿ ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕುವುದು ಮನೆಯ ಗಡಿಯಾರವಿದ್ದಂತೆ. ಮೂವತ್ತು ವರ್ಷ ಅವಳು ಆ ಗಡಿಯಾರದ ಪ್ರಕಾರವೇ ಎದ್ದಳು, ಮಲಗಿದಳು.

1920ರ ದಶಕ. ಅಮೆರಿಕದ ಉತ್ತರದ ಬಯಲು ಸೀಮೆಯಲ್ಲಿ, ಅದರ ಮೇಲಿನ ಕೆನಡಾದಲ್ಲಿ, ದನಗಳು ರಕ್ತ ಸುರಿಸಿ ಸಾಯತೊಡಗಿದವು. ಕೊಂಬು ಕತ್ತರಿಸಿದರೆ ರಕ್ತ ನಿಲ್ಲದು, ಬೀಜ ಒಡೆಸಿದರೆ ನಿಲ್ಲದು. ಕೆಲವಕ್ಕೆ ಗಾಯವೇ ಇಲ್ಲದೆ ಒಳಗೊಳಗೇ ರಕ್ತ ಸೋರಿ ತೊಡೆ ಊದಿಕೊಳ್ಳುತ್ತಿತ್ತು. ಆ ಸೀಮೆಯ ರೈತರು ಮೇವಿಗೆಂದು ಸ್ವೀಟ್ ಕ್ಲೋವರ್ ಎಂಬ ಗಿಡ ಬೆಳೆಯುತ್ತಿದ್ದರು. ನಮ್ಮ ಮೆಂತ್ಯದ ಹತ್ತಿರದ ಬಂಧು ಅದು. ಬಡ ಮಣ್ಣಿನಲ್ಲೂ ಹುಲುಸಾಗಿ ಬರುತ್ತದೆ. ಒಂಟಾರಿಯೋದ ಪಶುವೈದ್ಯ ಫ್ರಾಂಕ್ ಸ್ಕೋಫೀಲ್ಡ್ ಈ ಮೇವಿನ ಮೇಲೆ ಕಣ್ಣಿಟ್ಟರು. ಒಂದೇ ರಾಶಿಯಿಂದ ಒಳ್ಳೆಯ ಕಡ್ಡಿ, ಕೆಟ್ಟ ಕಡ್ಡಿ ಬೇರೆ ಬೇರೆ ಮಾಡಿ ಮೊಲಗಳಿಗೆ ತಿನ್ನಿಸಿದರು. ಒಳ್ಳೆಯದನ್ನು ತಿಂದ ಮೊಲ ಬದುಕಿತು, ಕೆಟ್ಟದ್ದನ್ನು ತಿಂದದ್ದು ರಕ್ತಸ್ರಾವವಾಗಿ ಸತ್ತಿತು. ತಪ್ಪು ಗಿಡದ್ದಲ್ಲ, ಅದಕ್ಕೆ ಹಿಡಿದ ಬೂಸ್ಟಿನದು ಎಂದು ಅವರಿಗೆ ಖಾತ್ರಿಯಾಯಿತು. (ಈ ಸ್ಕೋಫೀಲ್ಡ್ ಇನ್ನೊಂದು ಕಾರಣಕ್ಕೂ ನೆನಪಿಡಬೇಕಾದವರು. ಅದಕ್ಕೆ ಮುಂಚೆ ಕೊರಿಯಾದಲ್ಲಿದ್ದಾಗ 1919ರ ಸ್ವಾತಂತ್ರ್ಯ ಚಳವಳಿಯನ್ನೂ ಜಪಾನೀಯರು ಅದನ್ನು ತುಳಿದ ಬಗೆಯನ್ನೂ ಫೋಟೋ ತೆಗೆದು ಹೊರಜಗತ್ತಿಗೆ ತೋರಿಸಿದರು. ಅವರ ಸಮಾಧಿ ಇರುವುದು ಸಿಯೋಲ್‌ನ ರಾಷ್ಟ್ರೀಯ ಸ್ಮಶಾನದಲ್ಲಿ. ಹಸು ನೋಡುವ ಡಾಕ್ಟರು ಎಂದರೆ ಎಷ್ಟು ಸಸಾರ ನಮಗೆ.)

"ಮುಗ್ಗಿದ ಹುಲ್ಲು ಹಾಕಬಾರದೆಂದು ನನಗೆ ನನ್ನ ಅತ್ತೆ ಹೇಳಿಕೊಟ್ಟಿದ್ದರು, ಅದಕ್ಕೆ ಮೊಲ ಸಾಯಬೇಕಿತ್ತೇ?" ಎಂದಳು ಅಮ್ಮ. ಅವಳ ಪಾಡಿಗೆ ಅದು ನ್ಯಾಯವಾದ ಮಾತೇ. ಆದರೆ ಆ ರೈತರಿಗೂ ಗೊತ್ತಿರಲಿಲ್ಲವೆಂದಲ್ಲ. ಬೇರೆ ಮೇವು ಇರಲಿಲ್ಲ, ಕೊಳ್ಳಲು ಕಾಸಿರಲಿಲ್ಲ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಅಲ್ಲಿಯ ಒಕ್ಕಲು ಮಕ್ಕಳು ನಮ್ಮವರಷ್ಟೇ ಕಂಗಾಲಾಗಿದ್ದರು.

ಅಂಥ ಒಬ್ಬ ರೈತ ಎಡ್ ಕಾರ್ಲ್‌ಸನ್. ಊರು ವಿಸ್ಕಾನ್ಸಿನ್ ರಾಜ್ಯದ ಡೀರ್ ಪಾರ್ಕ್ ಹತ್ತಿರ. 1933ರ ಫೆಬ್ರವರಿಯಲ್ಲಿ, ಹಿಮದ ಬಿರುಗಾಳಿ ಬೀಸುತ್ತಿದ್ದ ಒಂದು ಶನಿವಾರ, ಅವನು ತನ್ನ ಟ್ರಕ್ಕಿನಲ್ಲಿ ಸತ್ತ ಕಡಸು, ಸುಮಾರು 45 ಕಿಲೋ ಕೆಟ್ಟ ಮೇವು ಮತ್ತು ಒಂದು ಹಾಲಿನ ಕ್ಯಾನ್ ಹಾಕಿಕೊಂಡು ರಾಜಧಾನಿ ಮ್ಯಾಡಿಸನ್ ಕಡೆ ಹೊರಟ. ದಾರಿ ಸುಮಾರು 300 ಕಿಲೋಮೀಟರ್. ಕ್ಯಾನಿನಲ್ಲಿ ಇದ್ದದ್ದು ಹಾಲಲ್ಲ, ಅವನ ಹಸುವಿನ ರಕ್ತ. ಅಷ್ಟು ದೂರ ಕುಲುಕಿಕೊಂಡು ಬಂದರೂ ಅದು ನೀರಿನಂತೆಯೇ ಇತ್ತು. ಸರ್ಕಾರಿ ಪಶುವೈದ್ಯರ ಕಚೇರಿಗೆ ಬೀಗ ಬಿದ್ದಿತ್ತು. ಅಲೆದಲೆದು ಕೊನೆಗೆ ವಿಶ್ವವಿದ್ಯಾಲಯದಲ್ಲಿ ಬಾಗಿಲು ತೆರೆದಿದ್ದ ಕಟ್ಟಡವೊಂದಕ್ಕೆ ನುಗ್ಗಿದ. ಅದು ಜೀವರಸಾಯನ ವಿಭಾಗ, ಒಳಗಿದ್ದವರು ಕಾರ್ಲ್ ಪಾಲ್ ಲಿಂಕ್. ಅವರು 1959ರಲ್ಲಿ ಬರೆದ ಲೇಖನದಲ್ಲಿ ಈ ಸಂಜೆಯ ವರ್ಣನೆ ಇದೆ. ಆ ಹುಲ್ಲು ಹಾಕುವುದನ್ನು ನಿಲ್ಲಿಸು, ಸಾಧ್ಯವಾದರೆ ಬೇರೆ ದನದ ರಕ್ತ ಕೊಡಿಸು ಎನ್ನುವುದನ್ನು ಬಿಟ್ಟರೆ ಅವರ ಬಳಿ ಅಂದು ಬೇರೆ ಉತ್ತರವಿರಲಿಲ್ಲ. ರೈತ ಬಂದ ದಾರಿಯಲ್ಲೇ ಹಿಮದಲ್ಲಿ ವಾಪಸು ಹೋದ. ಕ್ಯಾನ್ ಅಲ್ಲೇ ಉಳಿಯಿತು. ಲಿಂಕ್ ಮತ್ತು ಅವರ ಶಿಷ್ಯ ಷೋಫೆಲ್ ಆ ಸಂಜೆಯೇ ಆ ರಕ್ತದಲ್ಲಿ ಕೈಯಾಡಿಸಲು ಶುರುಮಾಡಿದರು.

ಅಮ್ಮನ ಕೈ ನಿಂತಿತ್ತು. ಹಾಲಿನ ಕ್ಯಾನಿನಲ್ಲಿ ರಕ್ತ. ಇಪ್ಪತ್ತು ಲೀಟರಿನ ಕ್ಯಾನನ್ನು ಸೊಂಟದ ಮೇಲಿಟ್ಟು ನಡೆದವಳಿಗೆ ಆ ಚಿತ್ರ ನನಗಿಂತ ಸ್ಪಷ್ಟವಾಗಿ ಕಂಡಿರಬೇಕು.

"ಹೆಪ್ಪುಗಟ್ಟಲಿಲ್ಲವೇ?" ಎಂದಳು.

ಆ ಮಾತು ಅವಳ ಬಾಯಿಂದ ಬಂದಾಗ ನನಗೇ ಬೆಳಕಾಯಿತು. ನಾವು ಓದಿದವರು ಈ ಮಾತ್ರೆಯನ್ನು "ರಕ್ತ ತೆಳುವಾಗುವ ಮಾತ್ರೆ" ಎನ್ನುತ್ತೇವೆ. ಇಂಗ್ಲಿಷಿನ ಅನುವಾದವದು, ತಪ್ಪು ಅನುವಾದವೂ ಹೌದು ಎನ್ನಲಾರೆ, ಏಕೆಂದರೆ ಇಂಗ್ಲಿಷಿನಲ್ಲೇ ಅದು ತಪ್ಪು. ರಕ್ತ ತೆಳುವಾಗುವುದೇ ಇಲ್ಲ; ನೀರು ಬೆರೆಸಿದ ಹಾಲಿನಂತೆ ಆಗುವುದಿಲ್ಲ. ಆದರೆ ಹಾಲಿಗೆ ಹೆಪ್ಪು ಹಾಕುವ ಕನ್ನಡದ ಅಡುಗೆಮನೆಯಲ್ಲಿ ಸರಿಯಾದ ಮಾತು ಮೊದಲಿನಿಂದಲೂ ಇದೆ. ಹಾಲು ಅದೇ ಹಾಲು, ಗಟ್ಟಿತನವೂ ಅಷ್ಟೇ, ಆದರೆ ಹೆಪ್ಪು ಹಾಕಿದರೂ ಮೊಸರಾಗದು. ಆ ಮೇವು ರಕ್ತಕ್ಕೆ ಮಾಡಿದ್ದು ಇದನ್ನೇ. ಅಮ್ಮನಿಗೆ ಇದನ್ನು ವಿವರಿಸಲು ನಾನು ಹನ್ನೊಂದು ವರ್ಷ ಒದ್ದಾಡಿದ್ದೆ.

ಲಿಂಕ್ ತಂಡಕ್ಕೆ ಆರು ವರ್ಷ ಹಿಡಿಯಿತು. 1939ರ ಜೂನ್‌ನಲ್ಲಿ ಹೆರಾಲ್ಡ್ ಕ್ಯಾಂಪ್‌ಬೆಲ್ ಎಂಬ ಸಂಶೋಧಕ ಆ ಮೇವಿನಿಂದ ಕೆಲವೇ ಮಿಲಿಗ್ರಾಂ ಹರಳು ಬೇರ್ಪಡಿಸಿದ. ಹೆಸರು ಡೈಕೂಮರಾಲ್. ಇಲ್ಲಿಂದ ಮುಂದೆ ಹೆಸರಿನ ಬಾಲವನ್ನು ಹಿಡಿದು ಬೇರೆ ಕಾಡಿಗೆ ಹೋಗಬೇಕು. ಕೂಮರಿನ್ ಎಂಬುದು ಒಂದು ಪರಿಮಳ ದ್ರವ್ಯ. ಹೊಸದಾಗಿ ಕೊಯ್ದು ಬಾಡುತ್ತಿರುವ ಹುಲ್ಲಿನಿಂದ ಏಳುವ ಸಿಹಿ ವಾಸನೆಯಲ್ಲಿ ಅದರ ಪಾಲು ದೊಡ್ಡದು. ಸ್ವೀಟ್ ಕ್ಲೋವರಿಗೆ ಆ ಸಿಹಿ ಹೆಸರು ಸಂದದ್ದೂ ಅದರಿಂದಲೇ. ಪಲಾವಿಗೆ ಹಾಕುವ ದಪ್ಪ ಚಕ್ಕೆಯಲ್ಲೂ ಅದಿದೆ. ಮೊದಲು ಅದನ್ನು 1820ರಲ್ಲಿ ಬೇರ್ಪಡಿಸಿದ್ದು ದಕ್ಷಿಣ ಅಮೆರಿಕದ ಟೊಂಕಾ ಎಂಬ ಬೀಜದಿಂದ. ಆ ಮರವನ್ನು ಅಲ್ಲಿನ ಮೂಲನಿವಾಸಿಗಳು ಕುಮರು ಎಂದು ಕರೆಯುತ್ತಿದ್ದರು. ತುಪಿ ಭಾಷೆಯ ಆ ಮರದ ಹೆಸರು ಫ್ರೆಂಚರ ನಾಲಿಗೆಯಲ್ಲಿ ಹೊರಳಿ ಕೂಮರಿನ್ ಆಯಿತು. ಮುಂದೆ ವಾರ್ಫರಿನ್‌ಗೆ ಹೆಸರಿಡುವಾಗ ವಿಸ್ಕಾನ್ಸಿನ್ನಿನಲ್ಲಿ ಅದರ ತಲೆ ಕತ್ತರಿಸಿ "ಅರಿನ್" ಎಂಬ ಬಾಲವನ್ನಷ್ಟೇ ಉಳಿಸಿಕೊಂಡರು. ಅಮೆಜಾನಿನ ಕಾಡಿನ ಒಂದು ಮರದ ಹೆಸರಿನ ತುಂಡು ದಿನಾ ರಾತ್ರಿ ನಮ್ಮ ಅಮ್ಮನ ಹೊಟ್ಟೆ ಸೇರುತ್ತದೆ.

ತಮಾಷೆಯೆಂದರೆ ಕೂಮರಿನ್ ಪಾಪದ್ದು. ಅದು ರಕ್ತದ ತಂಟೆಗೆ ಹೋಗುವುದಿಲ್ಲ. ಮೇವು ಒಣಗದೆ ಮುಗ್ಗಿದಾಗ ಬೂಸ್ಟು ಆ ಪರಿಮಳವನ್ನು ಮುರಿದು, ಎರಡೆರಡನ್ನು ಜೋಡಿಸಿ ಡೈಕೂಮರಾಲ್ ಮಾಡುತ್ತದೆ. ಅಂದರೆ ವಾರ್ಫರಿನ್ ಎಂಬ ಹೆಸರಿನ ಹಿಂಭಾಗದಲ್ಲಿ ಕುಳಿತಿರುವುದು ಏನೂ ಮಾಡದ ವಾಸನೆ. ಕೆಲಸ ಮಾಡಿದ ಬೂಸ್ಟಿಗೆ ಹೆಸರಿನಲ್ಲಿ ಜಾಗವಿಲ್ಲ.

ಮುಂಭಾಗದಲ್ಲಿ ಯಾರಿದ್ದಾರೆ? "ವಾರ್ಫ್" ಎಂಬುದು ವಿಸ್ಕಾನ್ಸಿನ್ ಅಲಮ್ನೈ ರಿಸರ್ಚ್ ಫೌಂಡೇಷನ್ ಎಂಬ ಸಂಸ್ಥೆಯ ಮೊದಲಕ್ಷರಗಳ ಜೋಡಣೆ. ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳು 1925ರಲ್ಲಿ ಕಟ್ಟಿದ್ದು. ಹ್ಯಾರಿ ಸ್ಟೀನ್‌ಬಾಕ್ ಎಂಬ ಪ್ರಾಧ್ಯಾಪಕ ಆಹಾರಕ್ಕೆ ಅತಿನೇರಳೆ ಬೆಳಕು ಹಾಯಿಸಿ ಡಿ ವಿಟಮಿನ್ ಹೆಚ್ಚಿಸುವ ವಿಧಾನ ಕಂಡುಹಿಡಿದಿದ್ದ. ಕಂಪನಿಯೊಂದಕ್ಕೆ ಅದನ್ನು ಮಾರಿ ತಾನು ಸಿರಿವಂತನಾಗುವ ಬದಲು, ಪೇಟೆಂಟಿನ ಹಣ ಮತ್ತೆ ಸಂಶೋಧನೆಗೇ ಬರಲಿ ಎಂದು ಈ ವ್ಯವಸ್ಥೆ ಮಾಡಿಸಿದ. ಲಿಂಕ್ ಅವರ ಕೆಲಸಕ್ಕೂ ಇದೇ ಸಂಸ್ಥೆಯ ಹಣ ಬಂದಿತ್ತು, ಪೇಟೆಂಟೂ ಅದರ ಕೈಗೇ ಹೋಯಿತು. ಹೊಲ ಉತ್ತವನಿಗಿಂತ ಪಹಣಿಯಲ್ಲಿರುವವನ ಹೆಸರು ಮುಂದೆ ಬರುವುದು ನಮಗೆ ಹೊಸದೇನಲ್ಲ. ಆದರೂ ಪಹಣಿಯಲ್ಲಿ ಹಳೆಯ ವಿದ್ಯಾರ್ಥಿಗಳ ಸಂಘವಿರುವ ಔಷಧ ಇದೊಂದೇ ಇರಬೇಕು ಎಂದುಕೊಳ್ಳುತ್ತೇನೆ.

ಊರು, ಸಂಸ್ಥೆಗಳು ಔಷಧದ ಹೆಸರಿನೊಳಗೆ ಅಡಗಿರುವುದು ಅಪರೂಪವಲ್ಲ. ಬಾಯಲ್ಲಾಗುವ ಶಿಲೀಂಧ್ರದ ಸೋಂಕಿಗೆ ಕೊಡುವ ನಿಸ್ಟಾಟಿನ್‌ನಲ್ಲಿ ನ್ಯೂಯಾರ್ಕ್ ಸ್ಟೇಟ್ ಕುಳಿತಿದೆ. ಎಲಿಜಬೆತ್ ಹೇಜನ್ ಮತ್ತು ರೇಚೆಲ್ ಬ್ರೌನ್ ಎಂಬ ಇಬ್ಬರು ಮಹಿಳೆಯರು ಆ ರಾಜ್ಯದ ಆರೋಗ್ಯ ಇಲಾಖೆಯಲ್ಲಿದ್ದು ಅದನ್ನು ಕಂಡುಹಿಡಿದರು. ನಮ್ಮ ದೇಶದ ಹ್ಯಾಮೈಸಿನ್‌ನ ಮೊದಲ "ಹ್ಯಾ" ಪುಣೆ ಬಳಿಯ ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯಾಟಿಕ್ಸ್. ನಮ್ಮ ಸರ್ಪಗಂಧಿಯ ಬೇರಿನಿಂದ ತೆಗೆದ ರಿಸರ್ಪಿನ್‌ನಲ್ಲಿ ಹಾವು ಲ್ಯಾಟಿನ್ ವೇಷ ತೊಟ್ಟು ಹರಿದಾಡುತ್ತಿದೆ. ಈ ಕೊನೆಯದು ನನಗೆ ಬಹಳ ಇಷ್ಟ. ಗಿಡಕ್ಕೆ ಹಾವಿನ ಹೆಸರು ಇಡಬೇಕೆಂದು ಭಾರತದವರಿಗೂ ಯುರೋಪಿನವರಿಗೂ ತೋಚಿತಲ್ಲ ಎಂದು.

ಇಲಿಯ ವಿಷಯಕ್ಕೆ ಬರುತ್ತೇನೆ, ಅಮ್ಮ ಅದಕ್ಕೇ ಕಾಯುತ್ತಿದ್ದಳು. 1945ರಲ್ಲಿ ಲಿಂಕ್ ಕ್ಷಯದಿಂದ ಸ್ಯಾನಿಟೋರಿಯಂ ಸೇರಿ ತಿಂಗಳುಗಟ್ಟಲೆ ಮಲಗಿದ್ದರು. ಹೊತ್ತು ಕಳೆಯಲು ಇಲಿ ನಿರ್ಮೂಲನೆಯ ಇತಿಹಾಸ ಓದಿದರು. (ನನಗೆ ಆಸ್ಪತ್ರೆಯಲ್ಲಿ ಕಾದಂಬರಿ ಓದುವುದೂ ಆಗುವುದಿಲ್ಲ.) ಡೈಕೂಮರಾಲ್ ಇಲಿಗಳ ಮೇಲೆ ನಿಧಾನ. ಆದರೆ ಅದೇ ಅಚ್ಚಿನಲ್ಲಿ ಅವರ ಪ್ರಯೋಗಾಲಯ ಸುಮಾರು 150 ವಸ್ತುಗಳನ್ನು ತಯಾರಿಸಿಟ್ಟಿತ್ತು. ಇಕಾವಾ ಮತ್ತು ಸ್ಟಾಮನ್ ಎಂಬ ಸಹೋದ್ಯೋಗಿಗಳ ಕೈಕೆಲಸವದು. ಪಟ್ಟಿಯ 42ನೆಯದು ಹೆಚ್ಚು ಚುರುಕಾಗಿತ್ತು. ಅದಕ್ಕೆ ರುಚಿಯಿಲ್ಲ, ವಾಸನೆಯಿಲ್ಲ. ಸುಗಂಧದ ಮರದ ಹೆಸರು ಹೊತ್ತದ್ದಕ್ಕೆ ವಾಸನೆಯೇ ಇಲ್ಲ ನೋಡಿ. ಇಲಿ ಜಾಣ ಪ್ರಾಣಿ, ತಿಂದ ಕೂಡಲೇ ಜೊತೆಯದು ಸತ್ತರೆ ಉಳಿದವು ಆ ಕಡೆ ಸುಳಿಯುವುದಿಲ್ಲ. 42 ಮಾತ್ರ ಕೆಲವು ದಿನ ತಿಂದ ಮೇಲೆ ಕೆಲಸ ಮಾಡುತ್ತದೆ, ಹಾಗಾಗಿ ಇಲಿಗಳಿಗೆ ಅನುಮಾನ ಬರುವುದಿಲ್ಲ. 1948ರಲ್ಲಿ ವಾರ್ಫರಿನ್ ಎಂಬ ಹೆಸರಿನಿಂದ ಇಲಿಮದ್ದಾಗಿ ಅದು ಮಾರುಕಟ್ಟೆಗೆ ಬಂತು. ಹತ್ತೇ ವರ್ಷದಲ್ಲಿ, 1958ರಲ್ಲಿ, ಸ್ಕಾಟ್ಲೆಂಡಿನಲ್ಲಿ ಅದಕ್ಕೂ ಜಗ್ಗದ ಇಲಿಗಳು ಕಂಡವು. ಜಾಣ ಪ್ರಾಣಿ ಎಂದೆನಲ್ಲ.

ಮನುಷ್ಯರಿಗೆ ಇದನ್ನು ಕೊಡಲು ವೈದ್ಯರು ಹಿಂಜರಿದರು. ಹಿಂಜರಿಯದೆ ಏನು ಮಾಡಿಯಾರು? 1951ರಲ್ಲಿ ಅಮೆರಿಕದ ಸೇನೆಗೆ ಸೇರಿದ ಯುವಕನೊಬ್ಬ ಬದುಕು ಸಾಕೆಂದು ಈ ಇಲಿಮದ್ದನ್ನು ನುಂಗಿದ. ಆಸ್ಪತ್ರೆಯಲ್ಲಿ ಕೆ ವಿಟಮಿನ್ ಕೊಟ್ಟು, ರಕ್ತ ಕೊಟ್ಟು ಉಳಿಸಿಕೊಂಡರು, ಪೂರ್ತಿ ಚೇತರಿಸಿಕೊಂಡ. ಆ ಹುಡುಗ ಬದುಕಿ ಉಳಿದದ್ದು ವೈದ್ಯರ ಹೆದರಿಕೆಯನ್ನು ತಗ್ಗಿಸಿತು: ವಿಷಕ್ಕೆ ಪ್ರತಿವಿಷ ಕೈಯಲ್ಲಿದೆ, ಅಳತೆ ತಪ್ಪದಿದ್ದರೆ ಇದು ಔಷಧ. 1954ರಲ್ಲಿ ಮನುಷ್ಯರಿಗೆ ಕೊಡಲು ಅನುಮತಿ ಬಂತು. ಮರುವರ್ಷ ಹೃದಯಾಘಾತವಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೂ ಕೊಟ್ಟರು. ಇದನ್ನು ಕೇಳಿ ಅಮ್ಮ ಮೊದಲ ಸಲ ಸ್ವಲ್ಪ ಮೆತ್ತಗಾದಳು. ಅಧ್ಯಕ್ಷರು ನುಂಗಿದ್ದು ಎಂದ ಮೇಲೆ ಮರ್ಯಾದೆಯ ಮಾತ್ರೆಯೇ ಇರಬೇಕು.

ಇನ್ನೊಂದು ಅಕ್ಷರದ ಕಥೆಯೂ ಇದಕ್ಕೆ ಹೆಣೆದುಕೊಂಡಿದೆ. ಕೆ ವಿಟಮಿನ್‌ನ "ಕೆ" ಎ, ಬಿ, ಸಿ, ಡಿ ಸಾಲಿನಲ್ಲಿ ನಿಂತು ಬಂದದ್ದಲ್ಲ. ಡೆನ್ಮಾರ್ಕಿನ ಹೆನ್ರಿಕ್ ಡಾಮ್ ಕೊಬ್ಬಿಲ್ಲದ ಆಹಾರ ತಿಂದ ಕೋಳಿಮರಿಗಳಲ್ಲಿ ರಕ್ತ ನಿಲ್ಲದಿರುವುದನ್ನು ಕಂಡು, ಕೊರತೆಯಾದ ವಸ್ತುವಿಗೆ 1935ರಲ್ಲಿ ಆ ಅಕ್ಷರ ಕೊಟ್ಟರು. ಅವರ ಕಡೆಯ ಭಾಷೆಗಳಲ್ಲಿ ಹೆಪ್ಪುಗಟ್ಟುವುದಕ್ಕೆ ಇರುವ "ಕೊಆಗುಲೇಷನ್" ಎಂಬ ಮಾತು ಕೆ ಅಕ್ಷರದಿಂದ ಶುರುವಾಗುತ್ತದೆ. ಕನ್ನಡದಲ್ಲಿ ಹೆಸರಿಟ್ಟಿದ್ದರೆ ಅದು "ಹೆ" ವಿಟಮಿನ್ ಆಗುತ್ತಿತ್ತು. ಯಕೃತ್ತಿನಲ್ಲಿ ಹೆಪ್ಪಿನ ಕೆಲವು ಘಟಕಗಳು ತಯಾರಾಗಲು ಈ ವಿಟಮಿನ್ ಬೇಕು. ಒಮ್ಮೆ ಬಳಸಿದ್ದನ್ನು ದೇಹ ಮತ್ತೆ ಹಸನು ಮಾಡಿ ಬಳಸಿಕೊಳ್ಳುತ್ತದೆ. ವಾರ್ಫರಿನ್ ಆ ಹಸನು ಮಾಡುವ ಕೆಲಸಕ್ಕೇ ಅಡ್ಡ ನಿಲ್ಲುತ್ತದೆ. ಸೊಪ್ಪಿನಲ್ಲಿ ಕೆ ವಿಟಮಿನ್ ಹೇರಳ, ಆದ್ದರಿಂದ ಒಂದು ದಿನ ಬಸ್ಸಾರು ಮಾಡಿ ಬುಟ್ಟಿಗಟ್ಟಲೆ ಸೊಪ್ಪು ತಿಂದು, ಆಮೇಲೆ ಹತ್ತು ದಿನ ಮುಟ್ಟದೇ ಇದ್ದರೆ ಐಎನ್‌ಆರ್ ಏರಿಳಿಯುತ್ತದೆ. ಬಿಡಬೇಕಿಲ್ಲ, ದಿನಕ್ಕಿಷ್ಟು ಎಂದು ಒಂದೇ ಸಮನೆ ತಿನ್ನಬೇಕು. ಮೆಂತ್ಯ ಸೊಪ್ಪನ್ನು ಹಿಡಿಯಲ್ಲಿ ಅಳೆದು ಹಾಕುವುದನ್ನು ಅಮ್ಮ ಹನ್ನೊಂದು ವರ್ಷದಿಂದ ಮಾಡುತ್ತಿದ್ದಾಳೆ. ಮಾತ್ರೆಯ ಪೂರ್ವಜ ಹುಟ್ಟಿದ್ದು ಅದೇ ಮೆಂತ್ಯದ ಬಂಧುವಿನ ಬಣವೆಯಲ್ಲಿ ಎಂದಾಗ ಅವಳು, "ದಾಯಾದಿ ಜಗಳ" ಎಂದಳು.

ಈಚೆಗೆ ಬಂದ ಅಪಿಕ್ಸಬಾನ್, ರಿವರಾಕ್ಸಬಾನ್‌ಗಳ ಹೆಸರು ಕಾರ್ಖಾನೆಯಲ್ಲಿ ಎರಕ ಹೊಯ್ದಂಥವು. ಹೆಪ್ಪಿನ ಹತ್ತನೆಯ ಘಟಕವನ್ನು ತಡೆಯುತ್ತೇನೆ ಎಂದು ಬಾಲದಲ್ಲೇ ಬರೆದುಕೊಂಡಿವೆ. ವಿಶ್ವ ಆರೋಗ್ಯ ಸಂಸ್ಥೆಯ ನಿಯಮದ ಪ್ರಕಾರ ಒಂದು ಜಾತಿಯ ಔಷಧಗಳಿಗೆಲ್ಲ ಒಂದೇ ಬಾಲ ಇರಬೇಕು. ಅದರಿಂದ ವೈದ್ಯರಿಗೆ ಅನುಕೂಲ, ಅದನ್ನು ಹಳಿಯಲಾರೆ. ಲೋಹದ ಕವಾಟ ಇರುವವರಿಗೆ ಅವು ಆಗಿಬರುವುದಿಲ್ಲ. ಅಮ್ಮನಂಥವರಿಗೆ ಹಳೆಯ ವಾರ್ಫರಿನ್, ಇಲ್ಲವೇ ಅದರ ದಾಯಾದಿ ಅಸೆನೊಕೂಮರಾಲ್ ಗತಿ. ಅದರ ಹೊಟ್ಟೆಯಲ್ಲೂ ಕುಮರು ಮರ ಇದೆ. ಇನ್ನೊಂದು ತಿರುವು: ಒಡೆಯನ ಮುದ್ರೆ ಒತ್ತಿಸಿಕೊಂಡು ಹುಟ್ಟಿದ ವಾರ್ಫರಿನ್ ಎಂಬ ಹೆಸರು ಈಗ ಯಾರ ಸ್ವತ್ತೂ ಅಲ್ಲ. ಜಗತ್ತಿನ ಯಾವ ಕಾರ್ಖಾನೆ ಬೇಕಾದರೂ ಬಳಸಬಹುದಾದ ಸಾರ್ವಜನಿಕ ಹೆಸರದು.

ಅಮ್ಮನ ಬಾಯಲ್ಲಿ ಮಾತ್ರ ಅದು ಎಂದೂ ನಿಂತಿರಲಿಲ್ಲ. ಮೊದಮೊದಲು "ವಾರದ ಮಾತ್ರೆ" ಎನ್ನುತ್ತಿದ್ದಳು. ವಾರಕ್ಕೊಂದು ಎಂದು ಯಾರಾದರೂ ತಿಳಿದುಬಿಟ್ಟರೆ ಗತಿಯೇನೆಂದು ನನಗೆ ಅಳುಕು. ಆ ದಿನ ಅವರೆಕಾಯಿ ಮುಗಿದ ಮೇಲೆ ಸಿಪ್ಪೆ ಬಾಚುತ್ತಾ ಕೇಳಿದಳು: ರಕ್ತ ಕೊಟ್ಟದ್ದು ಹಸು, ಹಿಮದಲ್ಲಿ ಹೊತ್ತು ತಂದದ್ದು ರೈತ, ಅವರ ಹೆಸರೇಕೆ ಇಡಲಿಲ್ಲ? ನನ್ನ ಹತ್ತಿರ ಉತ್ತರವಿರಲಿಲ್ಲ. ಪೇಟೆಂಟು, ಫೌಂಡೇಷನ್ನು ಎಂದು ಮತ್ತೆ ಏನೋ ಹೇಳಹೊರಟೆ. ಅವಳು ಕೇಳಿಸಿಕೊಳ್ಳಲಿಲ್ಲ. "ನಾನು ಹೆಪ್ಪಿನ ಮಾತ್ರೆ ಎನ್ನುತ್ತೇನೆ" ಎಂದು ಎದ್ದು ಹೋದಳು.

ಅಂದಿನಿಂದ ಒಂದು ಹೊಸ ಪದ್ಧತಿ ಶುರುವಾಗಿದೆ. ಹಸು ಮಾರಿದ ಮೇಲೂ ಪಕ್ಕದ ಮನೆಯಿಂದ ಒಂದು ಲೀಟರ್ ಹಾಲು ತರಿಸುತ್ತಾಳೆ. ರಾತ್ರಿ ಎಂಟೂವರೆಗೆ ಅದು ಉಗುರುಬೆಚ್ಚಗಾದಾಗ ಹೆಪ್ಪು ಹಾಕಿ, ಅದೇ ಚಮಚ ತೊಳೆದಿಟ್ಟು ಮಾತ್ರೆ ನುಂಗುತ್ತಾಳೆ. ಆಮೇಲೆ ನನಗೆ ಫೋನು: "ಹೆಪ್ಪು ಹಾಕಿ ಆಯಿತು." ಎರಡೂ ಆಯಿತು ಎಂದರ್ಥ. ಸ್ಟ್ರಿಪ್ ಎಣಿಸುವುದನ್ನು ನಾನು ಬಿಟ್ಟಿದ್ದೇನೆ.

ಕಳೆದ ಡಿಸೆಂಬರಿನಲ್ಲಿ ಒಂದು ದಿನ ಬೆಳಿಗ್ಗೆ ಆರಕ್ಕೇ ಫೋನು ಬಂತು. ಅಷ್ಟು ಹೊತ್ತಿಗೆ ಬಂದ ಫೋನಿಗೆ ಎದೆ ಹಾರದವರು ಯಾರು? ಎತ್ತಿದರೆ, ಚಳಿಗೆ ಮೊಸರು ಹೆಪ್ಪುಗಟ್ಟಿಲ್ಲವಂತೆ, ಹಾಲು ಹಾಲಾಗಿಯೇ ಇದೆಯಂತೆ. "ಮಾತ್ರೆಯನ್ನು ಪಾತ್ರೆಗೇ ಹಾಕಿಬಿಟ್ಟೆನೇನೋ ಎಂದು ಹೆದರಿ ಎಣಿಸಿ ನೋಡಿದೆ. ಲೆಕ್ಕ ಸರಿಯಾಗಿಯೇ ಇದೆ, ನೀನು ಮಲಗು" ಎಂದಳು.